ಸೋದರತ್ತೆಯ ಆಮೆ

1780ರ ಮಾರ್ಚ್ 17. ಇಂಗ್ಲೆಂಡಿನ ದಕ್ಷಿಣಕ್ಕಿರುವ ಸಸೆಕ್ಸ್ ಸೀಮೆಯ ರಿಂಗ್ಮರ್ ಎಂಬ ಹಳ್ಳಿ. ಅಲ್ಲಿನ ಒಂದು ಮನೆಯ ಯಜಮಾನಿ ಕೆಲವೇ ದಿನಗಳ ಹಿಂದೆ ತೀರಿಕೊಂಡಿದ್ದಳು. 59 ವರ್ಷದ ಒಬ್ಬ ಪಾದ್ರಿ ಆ ಮನೆಯ ಅಂಗಳದ ಮಣ್ಣು ತೆಗೆದು, ಒಳಗೆ ಮಲಗಿದ್ದ ಆಮೆಯೊಂದನ್ನು ಹೊರಗೆತ್ತಿದ. ಚಳಿಗಾಲದ ನಿದ್ದೆಯಲ್ಲಿದ್ದ ಆಮೆ ಬುಸ್ಸೆಂದಿತು. ಹೀಗೆ ಎಬ್ಬಿಸಿದ್ದು ಅದಕ್ಕೆ ಅವಮಾನವಾಯಿತೇನೋ ಎಂಬಂತೆ ಆತ ತನ್ನ ದಿನಚರಿಯಲ್ಲಿ ಬರೆದುಕೊಂಡ.

ಆತ ಗಿಲ್ಬರ್ಟ್ ವೈಟ್. ತೀರಿಕೊಂಡ ರೆಬೆಕ್ಕಾ ಸ್ನೂಕ್ ಅವನ ಸೋದರತ್ತೆ. ಊರಿನ ಪಾದ್ರಿಯಾಗಿದ್ದ ಹೆನ್ರಿ ಸ್ನೂಕ್‌ನ ವಿಧವೆ. ಆಮೆಯ ಹೆಸರು ಟಿಮೊಥಿ. ಹೆಚ್ಚುಕಡಿಮೆ 40 ವರ್ಷ ಅದು ಆ ಮನೆಯ ಗೋಡೆ ಸುತ್ತಿದ ಪುಟ್ಟ ಅಂಗಳದಲ್ಲೇ ಬದುಕಿತ್ತು. ಈಗ ಅದನ್ನು ಹ್ಯಾಂಪ್‌ಶೈರ್ ಸೀಮೆಯ ಸೆಲ್ಬೋರ್ನ್ ಎಂಬ ಇನ್ನೊಂದು ಹಳ್ಳಿಗೆ, ವೈಟ್‌ನ ಮನೆಗೆ, ಒಯ್ಯಬೇಕಿತ್ತು.

ಸಾಕಿದ ಪ್ರಾಣಿಯೊಂದನ್ನು ಹಳೆಯ ಮನೆಯಿಂದ ಹೊಸ ಮನೆಗೆ ತಂದು ಒಗ್ಗಿಸುವುದು ಎಷ್ಟೋ ಜನ ಮಾಡಿರುವ ಕೆಲಸ. ಅದನ್ನು ಯಾರೂ ಬರೆದಿಡುವುದಿಲ್ಲ. ಟಿಮೊಥಿಯ ವಿಷಯದಲ್ಲಿ ಮಾತ್ರ ದಿನಾಂಕ ಸಮೇತ ದಾಖಲೆ ಉಳಿದಿದೆ. ಯಾಕೆಂದರೆ ಅದನ್ನು ಕರೆದೊಯ್ದವನಿಗೆ ಬರೆದುಕೊಳ್ಳುವ ಚಟವಿತ್ತು.

ವೈಟ್ ಹುಟ್ಟಿದ್ದು 1720ರಲ್ಲಿ, ಸೆಲ್ಬೋರ್ನ್‌ನಲ್ಲೇ. ಆಕ್ಸ್‌ಫರ್ಡಿನಲ್ಲಿ ಓದಿ ಬಂದು, ಬದುಕಿನ ಬಹುಪಾಲನ್ನು ಅದೇ ಊರಿನ 'ದಿ ವೇಕ್ಸ್' ಎಂಬ ಮನೆಯಲ್ಲಿ ಕಳೆದ. ಮದುವೆಯಾಗಲಿಲ್ಲ. 1768ರಿಂದ ಸಾಯುವವರೆಗೆ ದಿನವೂ ಮಳೆ, ಗಾಳಿ, ಬಿಸಿಲು, ಯಾವ ಹಕ್ಕಿ ಬಂತು, ಯಾವ ಹೂ ಅರಳಿತು ಎಂದು ಬರೆಯುತ್ತ ಹೋದ. ಗೆಳೆಯರಿಬ್ಬರಿಗೆ ಬರೆದ ಪತ್ರಗಳ ರೂಪದಲ್ಲಿ ಅವನ ಪುಸ್ತಕ 'ಸೆಲ್ಬೋರ್ನ್‌ನ ನಿಸರ್ಗ ಚರಿತ್ರೆ' 1789ರ ಮುದ್ರೆ ಹೊತ್ತು ಹೊರಬಂತು. ಅಂದಿನಿಂದ ಇಂದಿನವರೆಗೆ ಅದರ ಮುದ್ರಣ ನಿಂತಿಲ್ಲ. ಬಿ.ಜಿ.ಎಲ್. ಸ್ವಾಮಿ, ತೇಜಸ್ವಿ ಇವರನ್ನು ಓದಿ ಬೆಳೆದ ನಮಗೆ, ಮನೆಯ ಹಿತ್ತಲಿನಿಂದಲೇ ಶುರುವಾಗುವ ಇಂಥ ಕುತೂಹಲದ ಬರಹ ಪರಕೀಯವೆನಿಸುವುದಿಲ್ಲ.

ಮನೆಗೆ ತರುವ ಮೊದಲೇ ಟಿಮೊಥಿಯ ಸ್ವಭಾವ ವೈಟ್‌ಗೆ ಗೊತ್ತಿತ್ತು. ಅತ್ತೆಯನ್ನು ನೋಡಲು ಹೋದಾಗಲೆಲ್ಲ ಅಂಗಳದ ಆಮೆಯನ್ನೂ ನೋಡುತ್ತಿದ್ದ. 1770ರ ಅಕ್ಟೋಬರಿನ ಪತ್ರದಲ್ಲಿ ಅವನು ಕಟ್ಟಿಕೊಟ್ಟ ವಿವರ ಇಂದಿನ ಆಮೆ ಸಾಕಣೆಯ ಕೈಪಿಡಿಗೂ ಸಲ್ಲುವಂಥದ್ದು. ನವೆಂಬರ್ ಮಧ್ಯಕ್ಕೆ ಮಣ್ಣೊಳಗೆ ಹೋಗುತ್ತದೆ, ಏಪ್ರಿಲ್ ಮಧ್ಯಕ್ಕೆ ಹೊರಬರುತ್ತದೆ. ಎದ್ದ ಹೊಸದರಲ್ಲಿ ಊಟದ ಮೇಲೆ ಆಸೆಯೇ ಇರುವುದಿಲ್ಲ. ನಡು ಬೇಸಗೆಯಲ್ಲಿ ಹೊಟ್ಟೆಬಾಕತನ. ಬೇಸಗೆ ಇಳಿದಂತೆ ಹಸಿವೂ ಇಳಿದು, ಶರತ್ಕಾಲದ ಕೊನೆಯ 6 ವಾರ ತಿನ್ನುವುದೇ ಇಲ್ಲವೆನ್ನಬಹುದು. ಲೆಟ್ಯೂಸ್, ಡ್ಯಾಂಡೆಲಿಯನ್ ಹೀಗೆ ಮುರಿದರೆ ಹಾಲು ಒಸರುವ ಸೊಪ್ಪುಗಳೆಂದರೆ ಅದಕ್ಕೆ ಪ್ರೀತಿ.

ಮರುವರ್ಷ, 1771ರ ನವೆಂಬರ್ 1ರಂದು, ಟಿಮೊಥಿ ಚಳಿಗಾಲದ ಗೂಡು ತೋಡಲು ಶುರುಮಾಡಿದ್ದನ್ನು ಅವನು ಕಂಡ. ಹೂಗಿಡದ ಒಂದು ದಟ್ಟ ಪೊದೆಯ ಪಕ್ಕದಲ್ಲಿ ಜಾಗ ಆರಿಸಿಕೊಂಡಿತ್ತು. ಮುಂಗಾಲಿನಿಂದ ಮಣ್ಣು ಕೆರೆದು ಹಿಂಗಾಲಿನಿಂದ ಮೇಲಕ್ಕೆ ದಬ್ಬುತ್ತಿತ್ತು. ಗಡಿಯಾರದ ಗಂಟೆಮುಳ್ಳಿಗಿಂತ ಆ ಕಾಲುಗಳ ವೇಗ ಹೆಚ್ಚಿರಲಿಲ್ಲ. ನಡುವೆ ಬಿಸಿಲು ಬಂದರೆ ಕೆಲಸ ನಿಲ್ಲಿಸಿಬಿಡುತ್ತಿತ್ತು. ವೈಟ್ ನವೆಂಬರ್ 13ರವರೆಗೆ ಅಲ್ಲಿದ್ದ, ಗೂಡು ಮುಗಿದಿರಲಿಲ್ಲ. ತುಂಬಿದ ಗಾಡಿಯ ಚಕ್ರ ಹರಿದರೂ ತಡೆಯುವಂಥ ಚಿಪ್ಪು ಹೊತ್ತ ಈ ಪ್ರಾಣಿ ಮಳೆಗೆ ಮಾತ್ರ ಹೆದರುವುದನ್ನು ಕಂಡು ಅವನಿಗೆ ನಗು. ಒಳ್ಳೆಯ ಸೀರೆಯುಟ್ಟ ಹೆಂಗಸು ಮೊದಲ ಹನಿಗೇ ಸೂರು ಹುಡುಕುವುದನ್ನು ನಾವೂ ಕಂಡಿದ್ದೇವೆ; ಅವನು ಕೊಟ್ಟ ಹೋಲಿಕೆಯೂ ಅಂಥದ್ದೇ. ಇದು ವಾಯುಭಾರಮಾಪಕದಷ್ಟೇ ನಂಬಿಕಸ್ಥ ಎಂಬುದು ಅವನ ಅಭಿಪ್ರಾಯ.

ಅದೇ ಪತ್ರದಲ್ಲಿ ಇನ್ನೊಂದು ಸಂಗತಿಯಿದೆ. 30 ವರ್ಷಕ್ಕೂ ಮಿಕ್ಕಿ ಕೈಯಾರೆ ತಿನ್ನಿಸಿದ ಮುದುಕಿ ಅಂಗಳಕ್ಕೆ ಬಂದರೆ ಸಾಕು, ಟಿಮೊಥಿ ಅಡ್ಡಾದಿಡ್ಡಿಯಾಗಿ ಹೆಜ್ಜೆ ಹಾಕುತ್ತ ಅವಳತ್ತ ಅವಸರಿಸುತ್ತಿತ್ತು. ಬೇರೆಯವರು ಬಂದರೆ ತಿರುಗಿಯೂ ನೋಡುತ್ತಿರಲಿಲ್ಲ. ಮಂದಬುದ್ಧಿಯದೆಂದು ಎಲ್ಲರೂ ಭಾವಿಸುವ ಪ್ರಾಣಿಯೂ ಉಪಕಾರ ಮಾಡಿದವರ ಗುರುತು ಹಿಡಿಯುತ್ತದೆ ಎಂದು ವೈಟ್ ಮೆಚ್ಚಿಕೊಂಡಿದ್ದ. 1780ರಲ್ಲಿ ಟಿಮೊಥಿ ಆ ಅಂಗಳ ಬಿಟ್ಟು ಹೊರಟಾಗ ಬಿಟ್ಟುಹೋದದ್ದು ಏನೆಂಬುದು ಈ ಹಳೆಯ ಪತ್ರದಿಂದ ನಮಗೆ ತಿಳಿಯುತ್ತದೆ: ಪರಿಚಿತ ಗೋಡೆ, ಪರಿಚಿತ ಪೊದೆ, ಗುರುತಿನ ಒಬ್ಬ ಮನುಷ್ಯಳು.

ಪ್ರಯಾಣಕ್ಕೆ ವೈಟ್ ಮಾಡಿದ ಏರ್ಪಾಡು ಸರಳವಾಗಿತ್ತು. ಒಂದು ಪೆಟ್ಟಿಗೆಗೆ ಮಣ್ಣು ತುಂಬಿ, ಅದರೊಳಗೆ ಆಮೆಯನ್ನಿಟ್ಟ. ಬಾಡಿಗೆಯ ಕುದುರೆಗಾಡಿಗಳಲ್ಲಿ 80 ಮೈಲಿಯ ದಾರಿ. ಅಂದಿನ ರಸ್ತೆ, ಅಂದಿನ ಗಾಡಿ, ಅವುಗಳ ಕುಲುಕಾಟ. ನಿದ್ದೆಯಲ್ಲಿ ಇನ್ನೂ ಒಂದು ತಿಂಗಳು ಕಳೆಯಬೇಕಿದ್ದ ಆಮೆ ಸೆಲ್ಬೋರ್ನ್ ಮುಟ್ಟುವ ಹೊತ್ತಿಗೆ ಪೂರ್ತಿ ಎಚ್ಚರವಾಗಿತ್ತು.

ಮಾರ್ಚ್ 20ರಂದು ಅದನ್ನು ಪೆಟ್ಟಿಗೆಯಿಂದ ತೆಗೆದು ತೋಟದ ಮಣ್ಣಿನಲ್ಲಿ ಹೂತರು. ವೈಟ್‌ನ ಆಲೋಚನೆ ನ್ಯಾಯವಾಗಿಯೇ ಇತ್ತು. ಮಲಗಿದ್ದಾಗ ಎಬ್ಬಿಸಿದ್ದೇವೆ, ಮತ್ತೆ ಮಲಗಿಸೋಣ. ಆದರೆ ಅಂದು ಬಿಸಿಲಿತ್ತು. ಟಿಮೊಥಿ ಮೇಲಿನ ಮಣ್ಣನ್ನು ತಳ್ಳಿ ಎದ್ದು ಬಂತು. ತೋಟದ ಉದ್ದನೆಯ ಕಾಲುಹಾದಿಯಲ್ಲಿ ತುದಿಯವರೆಗೆ ನಡೆದು ಹೋಯಿತು. ಒಮ್ಮೆ ಅಲ್ಲ, ಎರಡು ಸಲ. ಹೊಸದಾಗಿ ಕೊಂಡ ಜಮೀನಿನ ಎಲ್ಲೆಗಳನ್ನು ನೋಡಿ ಬರುವ ರೈತನ ಹಾಗೆ. ಸಂಜೆ ತಣ್ಣಗಾಗುತ್ತಲೇ ಸಡಿಲ ಮಣ್ಣಿನ ಜಾಗವೊಂದನ್ನು ತಾನೇ ಹುಡುಕಿ ಒಳಗೆ ಸೇರಿಕೊಂಡಿತು.

ಈ ಒಂದು ದಿನದ ದಾಖಲೆಯಲ್ಲಿ ಒಗ್ಗಿಕೊಳ್ಳುವಿಕೆಯ ಬಹುಪಾಲು ಪಾಠ ಅಡಗಿದೆ. ಆಮೆಯ ಮೈ ತನ್ನ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳಲಾರದು. ಬಿಸಿಲು ಸಿಕ್ಕರೆ ಮಾತ್ರ ನಡೆಯಬಲ್ಲದು, ತಿನ್ನಬಲ್ಲದು, ತಿಂದದ್ದನ್ನು ಅರಗಿಸಬಲ್ಲದು. ಮೈ ತಣ್ಣಗಿರುವಾಗ ಹೊಟ್ಟೆಗೆ ಬಿದ್ದ ಸೊಪ್ಪು ಅರಗದೆ ಕೊಳೆಯುತ್ತದೆ. ಹಾಗಾಗಿ ಹೊಸ ಜಾಗಕ್ಕೆ ಬಂದ ಆಮೆಗೆ ಮೊದಲು ಬೇಕಾದ ತಿಳಿವಳಿಕೆ ಬಟ್ಟಲು ಎಲ್ಲಿದೆ ಎಂಬುದಲ್ಲ. ಬೆಳಗಿನ ಬಿಸಿಲು ಎಲ್ಲಿ ಬೀಳುತ್ತದೆ, ಮಧ್ಯಾಹ್ನದ ನೆರಳು ಎಲ್ಲಿದೆ, ಮಣ್ಣು ಎಲ್ಲಿ ಅಗೆಯಲು ಬರುತ್ತದೆ, ಗೋಡೆ ಎಲ್ಲಿ ಮುಗಿಯುತ್ತದೆ ಎಂಬುದು. ಎರಡು ಸಲ ತೋಟದ ತುದಿಗೆ ನಡೆದು ಟಿಮೊಥಿ ಇದನ್ನೇ ವಿಚಾರಿಸಿಕೊಂಡಿತು. ವೈಟ್ ಅದನ್ನು ಎತ್ತಿ ಮತ್ತೆ ಹೂಳಲಿಲ್ಲ. ಪಾಪ, ಚಳಿಯಾಗುತ್ತದೆಂದು ಅಡುಗೆಮನೆಯ ಒಲೆಯ ಪಕ್ಕ ಇಡಲಿಲ್ಲ. ತಾನು ಮಾಡಿಕೊಟ್ಟ ಹಾಸಿಗೆಯನ್ನು ಅತಿಥಿ ಒಪ್ಪದಿದ್ದಾಗ, ಅದು ಹುಡುಕಿಕೊಂಡ ಹಾಸಿಗೆಯಲ್ಲಿ ಮಲಗಲು ಬಿಟ್ಟ.

ಒಂದು ತಿಂಗಳಾದ ಮೇಲೆ, ಏಪ್ರಿಲ್ 21ರಂದು, ಡೇನ್ಸ್ ಬ್ಯಾರಿಂಗ್ಟನ್ ಎಂಬ ಗೆಳೆಯನಿಗೆ ಅವನು ಈ ಕಥೆಯನ್ನೆಲ್ಲ ಬರೆದ. ಟಿಮೊಥಿ ಆಗ ಇನ್ನೂ ಮಣ್ಣೊಳಗಿತ್ತು. ಇನ್ನು ಕಣ್ಣೆದುರಿಗೇ ಇರುವುದರಿಂದ ಚೆನ್ನಾಗಿ ಗಮನಿಸಬಹುದೆಂಬ ಉತ್ಸಾಹ ಆ ಪತ್ರದಲ್ಲಿದೆ. ಹೊರಬರುವ ಕಾಲ ಹತ್ತಿರವಾದಂತೆ ಆಮೆ ತಲೆಯ ಬಳಿಯ ಮಣ್ಣಿನಲ್ಲಿ ಉಸಿರಾಡಲು ಒಂದು ಕಿಂಡಿ ತೆರೆಯುವುದನ್ನು ಅವನಾಗಲೇ ಕಂಡಿದ್ದ. ಆದರೆ ಅದರ ಜೊತೆಗೆ ಒಂದು ಬೇಸರವೂ ಇದೆ. ವರ್ಷದ ಐದು ತಿಂಗಳು ಮಣ್ಣೊಳಗೆ. ಬೇಸಗೆಯ ದೀರ್ಘ ಹಗಲಿನಲ್ಲೂ ಸಂಜೆ 4ಕ್ಕೇ ನಿದ್ದೆ, ಬೆಳಿಗ್ಗೆ ಹೊತ್ತೇರಿದ ಮೇಲೆ ಏಳುವುದು. ಮಳೆ ಬಂದರಂತೂ ಅಲುಗಾಟವೇ ಇಲ್ಲ. ಬದುಕಿನ ಮೂರರಲ್ಲಿ ಎರಡು ಪಾಲನ್ನು ಜಡವಾಗಿ ಕಳೆಯುವ ಜೀವಕ್ಕೆ ದೇವರು ಇಷ್ಟು ದೀರ್ಘ ಆಯುಸ್ಸನ್ನು ಯಾಕೆ ಸುರಿದ ಎಂದು ಪಾದ್ರಿ ಅಚ್ಚರಿಪಡುತ್ತಾನೆ.

ಪತ್ರ ಬರೆಯುತ್ತಿದ್ದಾಗಲೇ ಒಂದು ಘಟನೆ ನಡೆಯಿತು. ತೇವದ ಬೆಚ್ಚನೆಯ ಮಧ್ಯಾಹ್ನ. ಉಷ್ಣಮಾಪಕ 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದ 10 ಡಿಗ್ರಿ, ತೋರಿಸುತ್ತಿತ್ತು. ಬಸವನಹುಳುಗಳು ದಂಡುದಂಡಾಗಿ ಹೊರಬಿದ್ದವು. ಅದೇ ಹೊತ್ತಿಗೆ ಟಿಮೊಥಿಯೂ ಮಣ್ಣನ್ನೆತ್ತಿ ತಲೆ ಹೊರಹಾಕಿತು. ಮರುದಿನ ಬೆಳಿಗ್ಗೆ ಸತ್ತು ಎದ್ದು ಬಂದಂತೆ ಹೊರಬಂದು ಸಂಜೆ 4ರವರೆಗೆ ತೋಟದಲ್ಲಿ ಓಡಾಡಿತು. ವೈಟ್ ಈ ವಿವರವನ್ನೂ ಪತ್ರಕ್ಕೆ ಸೇರಿಸಿದ. ಮೇಲಿನ ಬೇಸರವನ್ನು ಹೊಡೆದುಹಾಕಲಿಲ್ಲ. ಎರಡೂ ಒಂದೇ ಪತ್ರದಲ್ಲಿ ಉಳಿದಿವೆ.

ಮುಂದಿನ ವರ್ಷಗಳಲ್ಲಿ ಟಿಮೊಥಿ ಸೆಲ್ಬೋರ್ನ್ ತೋಟವನ್ನು ತನ್ನದಾಗಿಸಿಕೊಂಡ ಬಗೆಯನ್ನು ವೈಟ್ ತುಣುಕು ತುಣುಕಾಗಿ ಬರೆದಿಟ್ಟಿದ್ದಾನೆ. ಸುಡು ಬೇಸಗೆಯಲ್ಲಿ ಎಲೆಕೋಸಿನ ದೊಡ್ಡ ಎಲೆಯೇ ಅದಕ್ಕೆ ಛತ್ರಿ. ಇಲ್ಲವಾದರೆ ನಮ್ಮ ಶತಾವರಿಯ ಬಳಗದ ಆಸ್ಪರಾಗಸ್ ಪಾತಿಯ ಒಳಗೆ, ಕಾಡಿನೊಳಗೆ ಹೊಕ್ಕಂತೆ, ಹೊಕ್ಕುಬಿಡುತ್ತಿತ್ತು. ಶರತ್ಕಾಲದಲ್ಲಿ ಬಿಸಿಲು ಸೊರಗಿದಾಗ ಹಣ್ಣಿನ ಗಿಡಗಳನ್ನು ಹಬ್ಬಿಸಿದ್ದ ಗೋಡೆಯ ಬುಡ ಸೇರುತ್ತಿತ್ತು. ಗೋಡೆ ಹೀರಿ ಹಿಂದಕ್ಕೆ ಬೀರುವ ಬಿಸಿಯೂ ಅದಕ್ಕೆ ಬೇಕು. ಅಷ್ಟೇ ಅಲ್ಲ, ಚಿಪ್ಪನ್ನು ಗೋಡೆಗೆ ಆನಿಸಿ ಓರೆಯಾಗಿ ನಿಲ್ಲುತ್ತಿತ್ತು. ಓರೆಯಾಗಿರುವ ಮೇಲ್ಮೈ ಇಳಿಬಿಸಿಲನ್ನು ಹೆಚ್ಚು ಹಿಡಿಯುತ್ತದೆ ಎಂಬ ಗಣಿತವನ್ನು ಯಾವ ಪುಸ್ತಕದಲ್ಲೂ ಓದದ ಪ್ರಾಣಿಗೆ ಇದು ಹೇಗೆ ಹೊಳೆಯಿತೆಂದು ವೈಟ್ ಬೆರಗಾಗುತ್ತಾನೆ. 1780ರಲ್ಲಿ ಆಯುಸ್ಸು ವ್ಯರ್ಥ ಮಾಡುವ ಜಡಜೀವಿಯಾಗಿ ಕಂಡದ್ದು ಇಲ್ಲಿ ಗೋಡೆ, ಕೋನ, ಗಂಟೆ, ಋತು ಎಲ್ಲವನ್ನೂ ಲೆಕ್ಕ ಹಾಕುವ ಜೀವಿಯಾಗಿ ಕಾಣುತ್ತಿದೆ. ಆಮೆ ಅದೇ. ಒಂದೇ ತೋಟದಲ್ಲಿ ಅದರ ಜೊತೆ ಬಾಳಿದ್ದರಿಂದ ನೋಡುವವನ ಕಣ್ಣು ಪಳಗಿತ್ತು.

ಇಷ್ಟಾಗಿ ವೈಟ್‌ನ ಸಾಕಣೆಯಲ್ಲಿ ಪ್ರೀತಿಯ ಜೊತೆ ಉಪದ್ರವವೂ ಇತ್ತು. ಬಂದ ವರ್ಷವೇ ಜುಲೈಯಲ್ಲಿ ಟಿಮೊಥಿಯನ್ನು ನೀರಿನ ತೊಟ್ಟಿಗೆ ಬಿಟ್ಟು ಈಜುತ್ತದೆಯೋ ಎಂದು ನೋಡಿದ. ನೆಲದ ಆಮೆ ಎಲ್ಲಿ ಈಜೀತು? ನಿಧಾನವಾಗಿ ಮುಳುಗಿ, ತಳದಲ್ಲಿ ಗಾಬರಿಯಿಂದ ನಡೆದಾಡಿತು. ಕಿವಿ ಕೇಳಿಸುತ್ತದೆಯೋ ಎಂದು ಕಹಳೆಯಂಥ ಕೂಗುಗೊಳವೆಯಿಂದ ಕೂಗಿಯೂ ನೋಡಿದ. ಟಿಮೊಥಿ ಗಣ್ಯ ಮಾಡಲಿಲ್ಲ. ಮತ್ತೆ ಮತ್ತೆ ತಕ್ಕಡಿಗೆ ಹಾಕಿ ತೂಗಿಸುತ್ತಿದ್ದ. ತೂಕ ಸುಮಾರು 3 ಕಿಲೋ.

1784ರ ಬೇಸಗೆಯ ಆರಂಭದಲ್ಲಿ ಟಿಮೊಥಿ ಕಾಣೆಯಾಯಿತು. ತೋಟದ ಸಣ್ಣ ಗೇಟಿನಿಂದ ನುಸುಳಿ ಹೋಗಿರಬೇಕೆಂದು ಊಹೆ. ಒಂದು ವಾರಕ್ಕೂ ಹೆಚ್ಚು ಕಾಲ ಪತ್ತೆಯಿಲ್ಲ. ಕೊನೆಗೆ ಹತ್ತಿರದ ಬೀನ್ಸ್ ಹೊಲವೊಂದರಲ್ಲಿ ಸಿಕ್ಕಿತು. ಸೆಲ್ಬೋರ್ನ್‌ಗೆ ಬಂದು ನಾಲ್ಕು ವರ್ಷವಾಗಿದ್ದರೂ ಜೂನ್ ಬಂತೆಂದರೆ ಅದಕ್ಕೆ ತಳಮಳ ಶುರು. ಬೆಳಿಗ್ಗೆ 5ಕ್ಕೇ ಎದ್ದು, ಕಾಲ್ಬೆರಳ ಮೇಲೆ ನಿಂತಂತೆ ಮೈಯೆತ್ತಿ ನಡೆಯುತ್ತ, ಬೇಲಿಯ ಒಂದೊಂದು ಸಂದನ್ನೂ ಪರೀಕ್ಷಿಸುತ್ತಿತ್ತು. ತೋಟದ ಮಾಲಿಯ ಕಣ್ಣು ತಪ್ಪಿಸಿ ಎಷ್ಟೋ ಸಲ ಹೊಲಗಳಿಗೆ ಹೋಗಿಬಿಡುತ್ತಿತ್ತು. ವೈಟ್ ಇದಕ್ಕೆ ಕೊಟ್ಟ ಕಾರಣ: ಗಂಡಿಗೆ ಹೆಣ್ಣಿನ ಆಸೆ.

ಅದೇ ವರ್ಷ ಆಗಸ್ಟಿನಲ್ಲಿ ಗೆಳೆಯ ಜಾನ್ ಮಲ್ಸೋನ ಮಗಳಿಗೆ ಅವನು ಟಿಮೊಥಿಯೇ ಬರೆದಂತೆ ಒಂದು ತಮಾಷೆಯ ಪತ್ರ ಬರೆದ. ಅದರಲ್ಲಿ ಆಮೆ ತಾನು ವರ್ಜೀನಿಯಾದಲ್ಲಿ ಹುಟ್ಟಿದ್ದು, ನಾವಿಕರ ಕೈಗೆ ಸಿಕ್ಕಿ ಕಡಲು ದಾಟಿದ್ದು ಎಲ್ಲವನ್ನೂ ಹೇಳಿಕೊಳ್ಳುತ್ತದೆ. ಯಜಮಾನನ ಪ್ರಯೋಗಗಳ ಮೇಲೆ ದೂರುತ್ತದೆ. ತನ್ನ ಬುದ್ಧಿಯನ್ನು ಮನುಷ್ಯರು ಕೀಳಾಗಿ ಕಾಣುತ್ತಾರೆಂದು ನೊಂದುಕೊಳ್ಳುತ್ತದೆ. ತಮಾಷೆಗೇ ಬರೆದದ್ದಾದರೂ, ತಾನು ಸಾಕಿದ ಜೀವದ ಕಡೆಯಿಂದ ತನ್ನ ಮೇಲೇ ಒಂದು ಆರೋಪಪಟ್ಟಿ ಬರೆಯುವುದು ಎಲ್ಲ ಯಜಮಾನರಿಗೂ ಆಗುವ ಕೆಲಸವಲ್ಲ.

ಆ ಪಟ್ಟಿಯಲ್ಲಿ ಸೇರಬೇಕಿದ್ದ ದೊಡ್ಡ ತಪ್ಪೊಂದು ವೈಟ್‌ಗೆ ಗೊತ್ತೇ ಇರಲಿಲ್ಲ. ಟಿಮೊಥಿ ಸತ್ತ ಮೇಲೆ ಅದರ ಚಿಪ್ಪನ್ನು ಉಳಿಸಿಕೊಂಡರು. ಇಂದು ಅದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ. ಬಲ್ಲವರು ಪರೀಕ್ಷಿಸಿ ನೋಡಿದಾಗ ಅದು ಹೆಣ್ಣು. ಮೆಡಿಟರೇನಿಯನ್ ಸುತ್ತಿನ ನೆಲಾಮೆ. ವರ್ಜೀನಿಯಾ ಬರೀ ಕಲ್ಪನೆ. ಈ ಜಾತಿಯ ಗಂಡಿನ ಹೊಟ್ಟೆಯ ಕಡೆಯ ಚಿಪ್ಪು ಒಳಕ್ಕೆ ಬಾಗಿರುತ್ತದೆ, ಹೆಣ್ಣಿನದು ಚಪ್ಪಟೆ. ತೂಗಲೆಂದು ಎತ್ತಿದಾಗಲೆಲ್ಲ ಉತ್ತರ ಕೈಯಲ್ಲೇ ಇತ್ತು. ಮೊಟ್ಟೆಯಿಡುವ ಕಾಲ ಬಂದಾಗ ಹೆಣ್ಣಾಮೆಗಳು ಚಡಪಡಿಸುತ್ತ ಬಿಸಿಲಿನ ಸಡಿಲ ಮಣ್ಣು ಹುಡುಕಿ ಅಲೆಯುತ್ತವೆ. ಜೂನಿನ ಆ ಅಲೆದಾಟವನ್ನು ಈಗ ಓದುವಾಗ ಆ ಅನುಮಾನ ಬಾರದಿರದು. ವೈಟ್ ತನ್ನ ಬರಹದಲ್ಲಿ ಟಿಮೊಥಿಯನ್ನು ಕೆಲವೊಮ್ಮೆ 'ಅದು' ಎಂದ, ಕೆಲವೊಮ್ಮೆ 'ಅವನು' ಎಂದ. ಕನ್ನಡದಲ್ಲಿ ಬರೆಯುವ ನಮಗೆ 'ಅದು' ಎಂಬ ಆಸರೆಯಿದೆ, ಆ ತಪ್ಪಿನಿಂದ ಸಲೀಸಾಗಿ ಪಾರಾಗುತ್ತೇವೆ.

ಟಿಮೊಥಿ ಬದುಕಿಕೊಂಡದ್ದು ಅದೃಷ್ಟ. ಅದರ ನಂತರ, ಅದರಲ್ಲೂ ಇಪ್ಪತ್ತನೆಯ ಶತಮಾನದಲ್ಲಿ, ಮೆಡಿಟರೇನಿಯನ್ ತೀರದ ನೆಲಾಮೆಗಳನ್ನು ರಾಶಿ ರಾಶಿಯಾಗಿ ಬ್ರಿಟನ್ನಿಗೆ ತಂದು ಮಕ್ಕಳಿಗೆ ಆಟಕ್ಕೆಂದು ಮಾರಿದರು. ಅವುಗಳಲ್ಲಿ ಬಹಳಷ್ಟು ಮೊದಲ ಚಳಿಗಾಲವನ್ನೇ ದಾಟಲಿಲ್ಲ. 1984ರಲ್ಲಿ ಆ ವ್ಯಾಪಾರಕ್ಕೆ ನಿಷೇಧ ಬಂತು. ನಮ್ಮ ಕಡೆ ಇದೇ ಕಥೆ ನಕ್ಷತ್ರ ಆಮೆಯದ್ದು. ಕರ್ನಾಟಕದ ಒಣನಾಡಿನ ಕುರುಚಲು ಕಾಡುಗಳಲ್ಲೂ ಇರುವ ಈ ಚೆಲುವಾದ ಆಮೆಯನ್ನು ಮನೆಯಲ್ಲಿಟ್ಟರೆ ಅದೃಷ್ಟವೆಂದು ನಂಬಿಸಿ ಮಾರುತ್ತಾರೆ, ದೇಶದಾಚೆಗೂ ಕದ್ದು ಸಾಗಿಸುತ್ತಾರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಅತ್ಯಂತ ಕಟ್ಟುನಿಟ್ಟಿನ ತಡೆ ಬಂತು. ಸಾಗಣೆದಾರರಿಂದ ಬಿಡಿಸಿ ತಂದ ಆಮೆಗಳನ್ನು ಮತ್ತೆ ನೆಲಕ್ಕೆ ಬಿಡುವವರೂ ಟಿಮೊಥಿಯ ಪ್ರಶ್ನೆಗಳನ್ನೇ ಎದುರಿಸುತ್ತಾರೆ: ಬಿಸಿಲು ಎಲ್ಲಿ, ನೆರಳು ಎಲ್ಲಿ, ಮೇವು ಎಲ್ಲಿ. ಅವುಗಳಿಗೆ ಆಮೆಯೇ ನಡೆದು ನೋಡಿ ಉತ್ತರ ಕಂಡುಕೊಳ್ಳಬೇಕು. ನಮ್ಮ ಪಾಲಿಗೆ ಉಳಿಯುವುದು ಜಾಗವನ್ನು ಸಿದ್ಧಮಾಡಿ, ಸ್ವಲ್ಪ ದೂರದಲ್ಲಿ ಕೂತು ಕಾಯುವುದು.

ವೈಟ್ ಹಾಗೆ ಕಾದದ್ದು 13 ಚಳಿಗಾಲ. ಪ್ರತಿ ವರ್ಷವೂ ಟಿಮೊಥಿ ಮಣ್ಣಿಗಿಳಿದದ್ದು, ಮಣ್ಣಿನಿಂದೆದ್ದದ್ದು ದಿನಚರಿಗೆ ಸೇರುತ್ತಿತ್ತು. ಆ ಟಿಪ್ಪಣಿಗಳನ್ನು ಆಯ್ದು ಜೋಡಿಸಿ ಲೇಖಕಿ ಸಿಲ್ವಿಯಾ ಟೌನ್ಸೆಂಡ್ ವಾರ್ನರ್ 1946ರಲ್ಲಿ ಒಂದು ಪುಸ್ತಕವನ್ನೇ ಮಾಡಿದಳು. 1793ರ ಜೂನ್ 26ರಂದು ವೈಟ್ ತೀರಿಕೊಂಡ. ದಿನಚರಿ ಅದೇ ತಿಂಗಳು ನಿಂತಿತು. ಟಿಮೊಥಿಗೆ ಎರಡನೆಯ ಸಲ ಯಜಮಾನರು ಇಲ್ಲವಾದರು. ಈ ಬಾರಿ ಯಾರೂ ಅದನ್ನು ಪೆಟ್ಟಿಗೆಗೆ ಹಾಕಲಿಲ್ಲ. ತಾನು ಎರಡು ಸಲ ನಡೆದು ಅಳೆದಿದ್ದ ತೋಟದಲ್ಲಿ, ಆ ಗೋಡೆಗಳ ನಡುವೆ, ಇನ್ನೊಂದು ಚಳಿಗಾಲವನ್ನು ಕಳೆಯಿತು. 1794ರ ವಸಂತದಲ್ಲಿ ಅದೂ ಸತ್ತಿತು. ತಲೆಯ ಬಳಿಯ ಕಿಂಡಿ ಆ ವರ್ಷ ಯಾವ ದಿನ ತೆರೆಯಿತೆಂದು ಬರೆದುಕೊಳ್ಳುವವನು ಇರಲಿಲ್ಲ.